ಹಾಡೋದು ಬಿಟ್ಟವಳು ಸೋತಳು ಅಂತ ಯಾರ್ರೀ ಹೇಳಿದ್ದು?

ಕ್ಯಾಥಿ ಡೆನಿಸ್ ಅಂದ್ರೆ ನಮ್ಮಲ್ಲಿ ಇಂಗ್ಲಿಷ್ ಪಾಪ್ ಕೇಳೋರೂ ಯಾರಪ್ಪಾ ಅದು ಅಂತ ತಲೆ ಕೆರ್ಕೋತಾರೆ. ಅದೇ ಕೈಲಿ ಮಿನೋಗ್‌ದು ಆ 'ಲಾ ಲಾ ಲಾ' ಹಾಡು, ಬ್ರಿಟ್ನಿ ಸ್ಪಿಯರ್ಸ್‌ದು 'ಟಾಕ್ಸಿಕ್', ಕೇಟಿ ಪೆರ್ರಿದು 'ಐ ಕಿಸ್ಡ್ ಎ ಗರ್ಲ್' ಅನ್ನಿ, ಕೂತಲ್ಲೇ ಗುನುಗೋಕೆ ಶುರು ಮಾಡ್ತಾರೆ. ಮೂರೂ ಈಯಮ್ಮ ಬರೆದಿದ್ದು. ಒಬ್ಬಳೇ ಕೂತು ಬರೆದಿದ್ದಲ್ಲ, ಪ್ರತಿ ಹಾಡಿಗೂ ಬೇರೆ ಬೇರೆ ಜೊತೆಗಾರರು ಇದ್ರು, ಆದ್ರೆ ಮೂರರಲ್ಲೂ ಸಿಗೋ ಹೆಸರು ಇದೊಂದೇ.

ಈಕೆ ಬಗ್ಗೆ ಯಾರೇ ಬರೆದ್ರೂ ಕಥೆ ಮಾತ್ರ ಅದೇ. ತೊಂಬತ್ತರ ಶುರುವಿನಲ್ಲಿ ಡಾನ್ಸ್ ಹಾಡು ಹಾಡ್ತಿದ್ಲು, ಸ್ವಲ್ಪ ದಿನ ಮಿಂಚಿದ್ಲು, ಆಮೇಲೆ ಮಾರ್ಕೆಟ್ ಬಿತ್ತು, ವಿಧಿಯಿಲ್ಲದೆ ಬೇರೆಯವರಿಗೆ ಬರ್ಕೊಡೋಕೆ ಹೋದ್ಲು ಅಂತ. ನಂಗೆ ಇದನ್ನ ಓದಿದಾಗೆಲ್ಲ ಮೈ ಉರಿಯುತ್ತೆ. ನನ್ನ ಪ್ರಕಾರ ಆ ಡಾನ್ಸ್ ಸಿಂಗರ್ ಕೆಲಸವೇ ಆಮೇಲಿನ ಅಷ್ಟೂ ಹಾಡುಗಳ ತಾಯಿಬೇರು.

ಹುಟ್ಟಿದ್ದು 1969ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ಅಪ್ಪಂದೇ ಒಂದು ಬ್ಯಾಂಡ್ ಇತ್ತು, ಹುಡುಗಿ ಅದ್ರಲ್ಲಿ ಹಾಡ್ತಾನೇ ಬೆಳೆದ್ಲು. ಇಪ್ಪತ್ತು ತುಂಬೋ ಮೊದ್ಲೇ ಮ್ಯಾನೇಜರ್ ಸೈಮನ್ ಫುಲ್ಲರ್ ಕಣ್ಣಿಗೆ ಬಿದ್ಲು (ಈ ಮಹಾನುಭಾವನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತಾನೆ). 1989ರಲ್ಲಿ ಡಿ ಮಾಬ್ ಅನ್ನೋ ಡಾನ್ಸ್ ಪ್ರಾಜೆಕ್ಟ್‌ನ ಜೊತೆ 'ಕಮಾನ್ ಅಂಡ್ ಗೆಟ್ ಮೈ ಲವ್' ಬಂತು. ಡಿ ಮಾಬ್ ಅಂದ್ರೆ ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ಆಸಿಡ್ ಹೌಸ್ ಅನ್ನೋ ಕ್ಲಬ್ ಸಂಗೀತದ ಗಲಾಟೆಯಲ್ಲಿ ಹೆಸರು ಮಾಡಿದ್ದ ಪ್ರೊಡ್ಯೂಸರ್ ಡ್ಯಾನಿ ಡಿ. ಆ ರೆಕಾರ್ಡ್ ಮೇಲೆ 'ಪರಿಚಯ: ಕ್ಯಾಥಿ ಡೆನಿಸ್' ಅನ್ನೋ ಥರ ಹೆಸರು ಹಾಕಿದ್ರು.

ಅದ್ರಲ್ಲೇನು ದೊಡ್ಡ ವಿಷಯ, ಹಾಡಿದವರ ಹೆಸರು ಹಾಕೋದು ಬೇಡ್ವಾ ಅಂತೀರಾ? ಆ ಕಾಲದ ಡಾನ್ಸ್ ಮ್ಯೂಸಿಕ್‌ನಲ್ಲಿ ಬೇಡ ಅಂತಲೇ ಇತ್ತು ಲೆಕ್ಕ. ಬ್ಲ್ಯಾಕ್ ಬಾಕ್ಸ್, ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ ಅನ್ನೋ ಡಾನ್ಸ್ ಗುಂಪುಗಳ ಹಾಡುಗಳಲ್ಲಿ ಗಂಟಲು ಹರಿಯೋ ಹಾಗೆ ಹಾಡಿದ್ದು ಮಾರ್ಥಾ ವಾಶ್, ವಿಡಿಯೋದಲ್ಲಿ ಬಾಯಾಡಿಸಿದ್ದು ಬೇರೆ ತೆಳ್ಳಗಿನ ಹುಡುಗೀರು. ಪಾಪ ಆಕೆ ತನ್ನ ದನಿ ತನ್ನದು ಅಂತ ಹೇಳ್ಕೊಳ್ಳೋಕೆ ಕೋರ್ಟ್ ಮೆಟ್ಲು ಹತ್ತಬೇಕಾಯ್ತು. ಪ್ರೊಡ್ಯೂಸರೇ ರಾಜ, ಹಾಡೋಳು ಇವತ್ತು ಇದ್ದು ನಾಳೆ ಹೋಗೋಳು. ಅಂಥ ಜಾಗದಲ್ಲಿ ಕಾಲಿಟ್ಟು ಹೆಸರನ್ನೂ ಉಳಿಸ್ಕೊಂಡು, ಜೊತೆಗೆ ಬರೆಯೋ ಕೆಲಸವನ್ನೂ ಕೈಲಿ ಇಟ್ಕೊಂಡ್ಲಲ್ಲ, ಅದು ಜಾಣತನ.

'ಟಚ್ ಮಿ (ಆಲ್ ನೈಟ್ ಲಾಂಗ್)' ತಗೊಳ್ಳಿ. ಅದು ಮೂಲದಲ್ಲಿ 1984ರ ಕ್ಲಬ್ ಹಾಡು, ಫೋಂಡಾ ರೇ ಹಾಡಿದ್ದು. ಕ್ಯಾಥಿ ಪಲ್ಲವಿ ಇಟ್ಕೊಂಡು ಚರಣಗಳನ್ನ ತಾನೇ ಹೊಸದಾಗಿ ಬರೆದ್ಲು, 1991ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಚಾರ್ಟಲ್ಲಿ 2ನೇ ಸ್ಥಾನಕ್ಕೆ ಹೋಯ್ತು. ಇಂಥದ್ದನ್ನ ಸುಮ್ನೆ ಕವರ್ ಹಾಡು ಅಂದ್ಬಿಡ್ತಾರೆ. ಬೇರೆಯವರ ಪಲ್ಲವಿಗೆ ಹೊಂದೋ ಹಾಗೆ, ಆದ್ರೆ ಅದರ ಮುಂದೆ ಮಂಕಾಗದ ಹಾಗೆ ಚರಣ ಬರೆಯೋದು ಎಷ್ಟು ಕಷ್ಟ ಅಂತ ಒಂದ್ಸಲ ಟ್ರೈ ಮಾಡಿದವರಿಗೆ ಗೊತ್ತಾಗುತ್ತೆ. ಅಲ್ಲಿಗೆ ಡಿ ಮಾಬ್ ಹಾಡೂ ಸೇರಿ ಅಮೆರಿಕದಲ್ಲಿ ನಾಲ್ಕು ಟಾಪ್ 10 ಹಾಡು. ಆಮೇಲೆ 1992ರಲ್ಲಿ ಎರಡನೇ ಆಲ್ಬಮ್ ಬಂತು, ಅಷ್ಟೊಂದು ಓಡ್ಲಿಲ್ಲ. 1996ರಲ್ಲಿ ಗಿಟಾರ್ ಹಿಡ್ಕೊಂಡು ಇನ್ನೊಂದು ಥರದ ಆಲ್ಬಮ್ ಮಾಡಿದ್ಲು, ಅದೂ ಅಷ್ಟಕ್ಕಷ್ಟೇ. ಅಲ್ಲಿಂದಾಚೆಗೆ ತನ್ನ ಹೆಸರಲ್ಲಿ ಹಾಡೋದು ನಿಂತೋಯ್ತು ಅಂತಲೇ ಹೇಳಬಹುದು.

ಈಗ ಬನ್ನಿ 'ಕಾಂಟ್ ಗೆಟ್ ಯು ಔಟ್ ಆಫ್ ಮೈ ಹೆಡ್'ಗೆ, ಅದೇ ಕೈಲಿ ಮಿನೋಗ್‌ದು 'ಲಾ ಲಾ ಲಾ' ಹಾಡಿಗೆ. ರಾಬ್ ಡೇವಿಸ್ ಅಂತ, ಎಪ್ಪತ್ತರ ದಶಕದ ಮಡ್ ಬ್ಯಾಂಡಿನ ಗಿಟಾರಿಸ್ಟು, ಅವನ ಮನೆ ಸ್ಟುಡಿಯೋದಲ್ಲಿ ಇಬ್ರೇ ಕೂತಿದ್ದು. ಅವನು ಕಂಪ್ಯೂಟರಲ್ಲಿ ನಿಮಿಷಕ್ಕೆ 125 ಬೀಟ್ ಬೀಳೋ, ಮತ್ತೆ ಮತ್ತೆ ಸುತ್ತೋ ಒಂದು ಡ್ರಮ್ ಲೂಪ್ ಹಾಕ್ದ, ಈಕೆ ಅದರ ಮೇಲೆ ಬಾಯಿಗೆ ಬಂದ ಸಾಲು ಹಾಡಿದ್ಲು, ಆ ಸಾಲೇ ಹಾಡಾಯ್ತು. ಮೂರೂವರೆ ಗಂಟೇಲಿ ಡೆಮೊ ರೆಡಿ. ಜನ ಇದನ್ನ ಕೇಳಿ ಅಯ್ಯೋ ಲಕ್ಕು ಅಂತಾರೆ. ಲಕ್ಕೂ ಅಲ್ಲ ಪಕ್ಕೂ ಅಲ್ಲ ರೀ, ಬೀಟ್ ಕೇಳಿದ ತಕ್ಷಣ ಎಲ್ಲಿ ಉಸಿರು ತಗೋಬೇಕು, ಯಾವ ಅಕ್ಷರ ಡ್ರಮ್ಮಿನ ಮೇಲೆ ಬೀಳ್ಬೇಕು, ಯಾವುದು ಎರಡು ಡ್ರಮ್ಮಿನ ನಡುವೆ ಜಾರ್ಬೇಕು ಅನ್ನೋದು ವರ್ಷಗಟ್ಟಲೆ ಡಾನ್ಸ್ ಬೀಟ್ ಮೇಲೆ ಹಾಡಿದ ಗಂಟಲಿಗೆ ತಾನಾಗೇ ಗೊತ್ತಿರುತ್ತೆ. ಹಾಡನ್ನ ಒಂದ್ಸಲ ಗಮನ ಇಟ್ಟು ಕೇಳಿ. ಮಾಮೂಲಿ ಹಾಗೆ ಚರಣ ಆಗಿ, ಏರಿ, ಕೋರಸ್ ಬಂದು ಕುಣಿಸೋದು ಅಂತ ಏನೂ ಇಲ್ಲ. ಶುರುವಲ್ಲೇ 'ಲಾ ಲಾ ಲಾ', ಅದರ ಬೆನ್ನಿಗೇ ಮುಖ್ಯ ಸಾಲು, ಬಚ್ಚಿಡೋದು ಅಂತ ಏನಿಲ್ಲ. ಪದಗಳೂ ಬೆರಳೆಣಿಕೆ. ಕಾಗದದ ಮೇಲೆ ಬರೆದಿಟ್ರೆ ಇದೇನು ಹಾಡಾ ಅನ್ಸುತ್ತೆ. ಹಾಡೋ ಬಾಯಿ ಬರೆದ ಹಾಡು ಅದು, ಪೆನ್ನು ಬರೆದಿದ್ದಲ್ಲ.

ತಮಾಷೆ ಏನಂದ್ರೆ ಇದನ್ನ ಮೊದ್ಲು ಎಸ್ ಕ್ಲಬ್ 7 ಅನ್ನೋ ಪಾಪ್ ಗುಂಪಿಗೆ ಅಂತ ಕೊಟ್ರೆ ಅವರ ಮ್ಯಾನೇಜರ್ ಬೇಡ ಅಂದ. ಯಾರು ಆ ಮ್ಯಾನೇಜರ್? ಅದೇ ಸೈಮನ್ ಫುಲ್ಲರ್! ಕೊನೆಗೆ ಕೈಲಿ ಮಿನೋಗ್‌ಗೆ ಹೋಯ್ತು, 2001ರಲ್ಲಿ ಬ್ರಿಟನ್ನಿನಲ್ಲಿ ನಾಲ್ಕು ವಾರ ನಂಬರ್ 1, ಮುಂದಿನ ವರ್ಷ ಮೂರು ಐವರ್ ನೊವೆಲ್ಲೊ ಪ್ರಶಸ್ತಿ. ಐವರ್ ನೊವೆಲ್ಲೊ ಬರೆಯೋರಿಗೆ ಕೊಡೋ ಪ್ರಶಸ್ತಿ, ಹಾಗಾಗಿ ಅಲ್ಲಿ ಈಯಮ್ಮನಿಗೆ ನ್ಯಾಯ ಸಿಕ್ತು.

ಗ್ರ್ಯಾಮಿ ಕಥೆ ಹಾಗಿಲ್ಲ. 'ಟಾಕ್ಸಿಕ್' ಕ್ಯಾಥಿ ಮತ್ತೆ ಮೂವರು ಸ್ವೀಡನ್ನಿನವರು ಸೇರಿ ಬರೆದಿದ್ದು, ಅದನ್ನ ಕೈಲಿ ಮಿನೋಗ್ ಬೇಡ ಅಂದ್ಲು, ಬ್ರಿಟ್ನಿ ಹಾಡಿದ್ಲು. (ನಮ್ಮವರಿಗೆ ಇನ್ನೊಂದು ಖುಷಿ ವಿಷಯ, ಆ ಹಾಡಲ್ಲಿ ಚುಚ್ಚೋ ಹಾಗೆ ಬರುತ್ತಲ್ಲ ವಯೊಲಿನ್ನು, ಅದು 1981ರ 'ಏಕ್ ದೂಜೆ ಕೆ ಲಿಯೆ' ಸಿನಿಮಾದ, ಲತಾ ಮತ್ತೆ ನಮ್ಮ ಎಸ್‌ಪಿಬಿ ಹಾಡಿದ 'ತೇರೆ ಮೇರೆ ಬೀಚ್ ಮೇ' ಹಾಡಿನ ಆರ್ಕೆಸ್ಟ್ರಾದಿಂದ ಕತ್ತರಿಸಿ ಅಂಟಿಸಿದ್ದು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಸಂಗೀತ.) 2005ರಲ್ಲಿ ಅದಕ್ಕೆ ಬೆಸ್ಟ್ ಡಾನ್ಸ್ ರೆಕಾರ್ಡಿಂಗ್ ಗ್ರ್ಯಾಮಿ ಬಂತು. ಆ ವಿಭಾಗದಲ್ಲಿ ಪ್ರಶಸ್ತಿ ಹೋಗೋದು ಹಾಡಿದವರಿಗೆ, ಪ್ರೊಡ್ಯೂಸರಿಗೆ, ಮಿಕ್ಸಿಂಗ್ ಮಾಡಿದವರಿಗೆ. ಮಿಕ್ಸಿಂಗ್ ಮಾಡಿದವನಿಗೂ ಉಂಟು, ಬರೆದವಳು ಅನ್ನೋ ಲೆಕ್ಕದಲ್ಲಿ ಕ್ಯಾಥಿಗೆ ಇಲ್ಲ! ಡಾನ್ಸ್ ಹಾಡು ಅಂದ್ರೆ ಬರೀ ಸೌಂಡು, ಅದನ್ನ ಯಾರೋ ಕೂತು ಬರೀತಾರೆ ಅಂತಲೇ ಒಪ್ಪದ ಬುದ್ಧಿ ಇದು. ಆ ಅಂಟಿಸಿದ ವಯೊಲಿನ್ ತುಣುಕು ತೆಗೆದುಹಾಕಿ, ಬರೀ ಟ್ಯೂನ್ ಗುನುಗಿ ನೋಡಿ, ತಗ್ಗಿನ ದನಿಯಲ್ಲಿ ಪಿಸುಗುಟ್ಟಿಕೊಂಡು ಹೋಗಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಜಿಗಿಯೋ ಆ ತಿರುವಿದೆಯಲ್ಲ, ಅಲ್ಲಿ ಗೊತ್ತಾಗುತ್ತೆ ಬರೆದವರ ಕೈ.

ದುಡ್ಡಿನ ಮಾತೂ ಆಡ್ಬಿಡೋಣ, ಯಾಕಂದ್ರೆ 'ಸೋತಳು' ಅನ್ನೋರು ಇದನ್ನ ಮರೀತಾರೆ. ಅಮೆರಿಕದಲ್ಲಿ ಮಾಮೂಲಿ ರೇಡಿಯೋದಲ್ಲಿ ಒಂದು ಹಾಡು ಬಂದ್ರೆ ರಾಯಲ್ಟಿ ಹೋಗೋದು ಬರೆದವರಿಗೆ ಮತ್ತೆ ಅವರ ಪಬ್ಲಿಷರಿಗೆ, ಹಾಡಿದವರಿಗೆ ಬಿಡಿಗಾಸೂ ಇಲ್ಲ, ಅಲ್ಲಿನ ಕಾನೂನೇ ಹಾಗಿದೆ. 'ಐ ಕಿಸ್ಡ್ ಎ ಗರ್ಲ್' 2008ರಲ್ಲಿ ಅಲ್ಲಿ ಏಳು ವಾರ ನಂಬರ್ 1 ಇತ್ತು. ಹಾಡು ನಂಗೆ ಅಷ್ಟೇನೂ ಹಿಡಿಸಿಲ್ಲ, ಗಿಮಿಕ್ ಜಾಸ್ತಿ, ಎಸ್ ಕ್ಲಬ್‌ಗೆ ಬರೆದ ಕೆಲವು ಹಾಡುಗಳೂ ಸಕ್ಕರೆ ಪಾಕ. ಎಲ್ಲಾನೂ ತಲೆ ಮೇಲೆ ಹೊತ್ಕೊಂಡು ಕುಣಿಯೋಕೆ ನಾನೇನು ಅಭಿಮಾನಿ ಸಂಘದ ಅಧ್ಯಕ್ಷ ಅಲ್ಲ. ಆದ್ರೆ ರೇಡಿಯೋದಲ್ಲಿ ಅದು ಬಂದಾಗೆಲ್ಲ ಮೀಟರ್ ಓಡಿದ್ದು ಯಾರ ಹೆಸರಿಗೆ ಅಂತ ಯೋಚಿಸಿ ಮಾತಾಡಿ.

ಇನ್ನೊಂದು ಹೇಳ್ಲೇಬೇಕು. ಅದೇ ಸೈಮನ್ ಫುಲ್ಲರ್ 2001ರಲ್ಲಿ ಬ್ರಿಟನ್ನಿನಲ್ಲಿ 'ಪಾಪ್ ಐಡಲ್' ಶುರು ಮಾಡ್ದ, ಮುಂದಿನ ವರ್ಷ 'ಅಮೆರಿಕನ್ ಐಡಲ್' ಬಂತು. ಸಾವಿರಾರು ಹುಡುಗ ಹುಡುಗೀರು ಸ್ಟಾರ್ ಆಗ್ಬೇಕು ಅಂತ ಲೈನ್ ನಿಂತ್ಕೊಳ್ಳೋ ಶೋ. ಅದರ ಟೈಟಲ್ ಮ್ಯೂಸಿಕ್ ಮಾಡಿದ ಮೂವರಲ್ಲಿ ಒಬ್ಬಳು ಕ್ಯಾಥಿ ಡೆನಿಸ್, ಸ್ಟಾರ್ ಆಗಿ ನೋಡಿ ಆ ಸಹವಾಸ ಬಿಟ್ಟು ಬಂದವಳು. ಬೇಕಾದ್ರೆ ಇವತ್ತು ಮೊದ್ಲು 'ಟಚ್ ಮಿ' ಹಾಕಿ, ಅದು ಮುಗೀತಿದ್ದ ಹಾಗೇ ಕೈಲಿ ಮಿನೋಗ್‌ದು ಹಾಕಿ, ಈ ಎರಡರ ನಡುವೆ ಇವಳು ಸೋತಿದ್ದು ಎಲ್ಲಿ ಅಂತ ನಂಗೂ ಸ್ವಲ್ಪ ತೋರಿಸಿ.