ಜಾಗ ಸಿಕ್ಕಿತು ಅಂತ ಹೈಟ್ ಸೆನ್ಸರ್ ಕೂರಿಸಬೇಡಿ

ಈಗಷ್ಟೇ ಒಂದು ವೀಡಿಯೊ ನೋಡಿ ಮುಗಿಸಿದೆ, ತಲೆ ಕೆಟ್ಟುಹೋಗಿದೆ. ಕಾರಿಗೆ ಏರ್ ಸಸ್ಪೆನ್ಷನ್ ಹಾಕುವ ಕೆಲಸ, ಅಂದರೆ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗ್ ಮೇಲೆ ಕಾರನ್ನು ಕೂರಿಸುವುದು. ಕಂಪ್ರೆಸರ್, ಟ್ಯಾಂಕ್, ವಾಲ್ವ್ ಬ್ಲಾಕ್ ಎಲ್ಲವನ್ನೂ ಡಿಕ್ಕಿಯಲ್ಲಿ ಕಣ್ಣಿಗೊತ್ತಿಕೊಳ್ಳುವ ಹಾಗೆ ಕೂರಿಸಿದ್ದಾರೆ. ಕೊನೆಗೆ ಕಾರಿನ ಎತ್ತರ ಅಳೆಯಲು ಹಾಕುವ ಹೈಟ್ ಸೆನ್ಸರ್ ಸರದಿ ಬಂತು. ಸೆನ್ಸರ್‌ನ ಲಿವರ್‌ಗೆ ಚಕ್ರದ ಚಲನೆ ಮುಟ್ಟಿಸುವ ಲಿಂಕ್ ರಾಡನ್ನು ಸ್ಟೆಬಿಲೈಸರ್ ಬಾರ್‌ಗೆ (ಎಡ, ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಕಂಬಿ) ಎರಡು ಕೇಬಲ್ ಟೈ ಬಿಗಿದು ಮುಗಿಸಿಬಿಟ್ಟರು. ಯಾಕೆ? ಅಲ್ಲಿ ಜಾಗ ಇತ್ತು! ಆಮೇಲೆ ಕ್ಯಾಲಿಬ್ರೇಷನ್, ಅಂದರೆ ಯಾವ ಸಿಗ್ನಲ್‌ಗೆ ಯಾವ ಎತ್ತರ ಅಂತ ಕಲಿಸುವ ಕೆಲಸ, ಎರಡು ಸಲ ಫೇಲ್ ಆಯಿತು, ಬೈಗುಳ ತಿಂದದ್ದು ಮಾತ್ರ ಸೆನ್ಸರ್ ಓದಿ ಗಾಳಿ ತುಂಬುವ, ಬಿಡುವ ಕಂಟ್ರೋಲರ್.

ಈ ವಿಷಯದಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಇಲ್ಲಿರುವ ಹಳೆಯ ಗೆಳೆಯರಿಗೆಲ್ಲ ಗೊತ್ತು. ಇವತ್ತು ಪೂರ್ತಿ ಬರೆದೇಬಿಡುತ್ತೇನೆ.

ಹೈಟ್ ಸೆನ್ಸರ್‌ಗೆ ಕಾರಿನ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಲಿವರ್ ಎಷ್ಟು ಡಿಗ್ರಿ ತಿರುಗಿತು ಅನ್ನುವುದು ಮಾತ್ರ. ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ: 5 ವೋಲ್ಟ್, ಅರ್ತ್, ಸಿಗ್ನಲ್. ಲಿವರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಾಗ ಸಿಗ್ನಲ್ ಸುಮಾರು 0.5ರಿಂದ 4.5 ವೋಲ್ಟ್‌ಗೆ ಏರುತ್ತದೆ. ಚಕ್ರದ ಚಲನೆಯನ್ನು ಈ ಡಿಗ್ರಿಗೆ ತರ್ಜುಮೆ ಮಾಡುವುದು ಲಿಂಕ್ ರಾಡ್ ಮತ್ತು ನೀವು ಅದನ್ನು ಕಟ್ಟಿದ ಜಾಗ. ತರ್ಜುಮೆಯೇ ತಪ್ಪಿದ್ದರೆ ಎಷ್ಟೇ ಒಳ್ಳೆಯ ಕಂಟ್ರೋಲರ್ ತಂದರೂ ಅದು ಓದುವುದು ತಪ್ಪನ್ನೇ.

ಲೆಕ್ಕ ಹಾಕಿ ನೋಡಿ. ಚಕ್ರವನ್ನು ಚಾಸಿಗೆ ಜೋಡಿಸುವ ಲೋಯರ್ ಆರ್ಮ್‌ನ ಒಳಗಿನ ಬುಷ್‌ನಿಂದ (ಚಾಸಿ ಕಡೆಯ ರಬ್ಬರ್ ಕೀಲು) ಚಕ್ರದ ಕಡೆಯ ಬಾಲ್ ಜಾಯಿಂಟ್‌ವರೆಗೆ 350 ಮಿ.ಮೀ. ಇದೆ, ಬಾಲ್ ಜಾಯಿಂಟ್ ಒಟ್ಟು 150 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ ಅಂತಿಟ್ಟುಕೊಳ್ಳಿ. ಬುಷ್‌ನಿಂದ 120 ಮಿ.ಮೀ. ದೂರದಲ್ಲಿ ಲಿಂಕ್ ಕಟ್ಟಿದರೆ ಆ ಬಿಂದು ಸುಮಾರು 51 ಮಿ.ಮೀ. ಆಡುತ್ತದೆ. ಸೆನ್ಸರ್ ಲಿವರ್ 50 ಮಿ.ಮೀ. ಉದ್ದದ್ದಾದರೆ ಅದು ತಿರುಗುವುದು ಸುಮಾರು 61 ಡಿಗ್ರಿ. ಸೆನ್ಸರ್ ಅಳೆಯುವ ವ್ಯಾಪ್ತಿ 80 ಡಿಗ್ರಿ ಇದ್ದರೆ ಸಿಗ್ನಲ್ 3 ವೋಲ್ಟ್‌ನಷ್ಟು ಬದಲಾಗುತ್ತದೆ. ಅಂದರೆ ಒಂದು ಮಿ.ಮೀ.ಗೆ 20 ಮಿಲಿವೋಲ್ಟ್, ಚೆನ್ನಾಗಿದೆ. ಅದೇ ಲಿಂಕನ್ನು, ಜಾಗ ಇದೆ ಅಂತ, ಬುಷ್ ಹತ್ತಿರ 40 ಮಿ.ಮೀ.ನಲ್ಲಿ ಕಟ್ಟಿ. ಬಿಂದು ಆಡುವುದು 17 ಮಿ.ಮೀ., ಲಿವರ್ ತಿರುಗುವುದು ಬರೀ 20 ಡಿಗ್ರಿ, ಮಿ.ಮೀ.ಗೆ ಸಿಗುವುದು ಆರೂವರೆ ಮಿಲಿವೋಲ್ಟ್. ವೈರ್‌ನಲ್ಲಿ 50 ಮಿಲಿವೋಲ್ಟ್ ಗಲಾಟೆ (ಸುಮ್ಮನೆ ಆಗುವ ಏರುಪೇರು) ಇದ್ದರೆ ಮೊದಲನೆಯದರಲ್ಲಿ ಎರಡೂವರೆ ಮಿ.ಮೀ. ತಪ್ಪು, ಎರಡನೆಯದರಲ್ಲಿ ಎಂಟು ಮಿ.ಮೀ. ಕಾರು ನಿಂತಲ್ಲೇ ಸುಮ್ಮಸುಮ್ಮನೆ ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬುವ ಕಾಯಿಲೆ ಬರುವುದು ಹೀಗೆ.

ಹಾಗಂತ ಲಿವರ್ ಗಿಡ್ಡ ಮಾಡಿ ಹೆಚ್ಚು ಡಿಗ್ರಿ ಗಿಟ್ಟಿಸುತ್ತೇನೆ ಅಂತ ಹೊರಡಬೇಡಿ. 25 ಮಿ.ಮೀ. ಲಿವರ್‌ನ ತುದಿ ಪೂರ್ತಿ ಕೆಳಗಿಂದ ಪೂರ್ತಿ ಮೇಲಕ್ಕೆ ಹೋದರೂ ಸಾಗುವುದು 50 ಮಿ.ಮೀ. ಮಾತ್ರ. ಮೇಲಿನ ಲೆಕ್ಕದ 51 ಮಿ.ಮೀ. ಅದರಲ್ಲಿ ಹಿಡಿಸುವುದೇ ಇಲ್ಲ! ಲಿವರ್ ಮತ್ತು ರಾಡ್ ಒಂದೇ ಗೆರೆಗೆ ಬಂದ ಕ್ಷಣದಲ್ಲಿ ಲಿವರ್ ಆ ಕಡೆಗೆ ಮಗುಚುತ್ತದೆ, ಇಲ್ಲವೇ ಮುರಿಯುತ್ತದೆ. ಮಗುಚಿದರೆ ಇನ್ನೂ ಅಪಾಯ. ಕಾರು ಏರಿದಷ್ಟೂ ಸಿಗ್ನಲ್ 'ಇಳಿಯುತ್ತಿದೆ' ಅನ್ನುತ್ತದೆ, ಕಂಟ್ರೋಲರ್ ಇನ್ನೂ ಗಾಳಿ ತುಂಬುತ್ತದೆ. ಅದಕ್ಕೇ ಕಾರು ಓಡುವ ಎತ್ತರದಲ್ಲಿದ್ದಾಗ ಲಿವರ್ ಮತ್ತು ರಾಡ್ ನಡುವೆ 90 ಡಿಗ್ರಿ ಇರಬೇಕು, ಎರಡೂ ತುದಿಯಲ್ಲಿ ಅವು ಒಂದೇ ಗೆರೆಗೆ ಬರುವುದಕ್ಕೆ ಸಾಕಷ್ಟು ಮೊದಲೇ ಚಲನೆ ಮುಗಿಯಬೇಕು.

ಇದನ್ನು ಕಣ್ಣಂದಾಜಿನಲ್ಲಿ ಮಾಡಲಾಗದು. ಚಾಸಿಯ ಕೆಳಗೆ ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಕಂಪ್ರೆಸರ್ ಫ್ಯೂಸ್ ತೆಗೆದು, ಗಾಳಿ ಬಿಟ್ಟು, ಚಕ್ರ ಬಿಚ್ಚಿ. ಏರ್ ಸ್ಪ್ರಿಂಗ್ ಬರೀ ಗಾಳಿಯ ಮೇಲೆ ಎತ್ತಿ ಹಿಡಿದ ಕಾರಿನ ಕೆಳಗೆ ತಲೆ ಹಾಕುವವರನ್ನು ಕಂಡರೆ ಎದೆ ಝಲ್ ಅನ್ನುತ್ತದೆ, ದಯವಿಟ್ಟು ಬೇಡ. ಆಮೇಲೆ ಆರ್ಮ್ ಕೆಳಗೆ ಜ್ಯಾಕ್ ಇಟ್ಟು ಪೂರ್ತಿ ಕೆಳಗಿಂದ, ಚಲನೆಗೆ ಮೇಲಿನ ಮಿತಿ ಹಾಕುವ ಬಂಪ್ ಸ್ಟಾಪ್ ತಾಗುವವರೆಗೆ ನಿಧಾನಕ್ಕೆ ಎತ್ತಿ. ಏರ್ ಸ್ಪ್ರಿಂಗಿನ ರಬ್ಬರ್ ಅಡ್ಡಾದಿಡ್ಡಿ ಮಡಚಿಕೊಳ್ಳದ ಹಾಗೆ ನೋಡಿಕೊಳ್ಳಿ, ಬಿಚ್ಚಿಟ್ಟು ಮಾಡಿದರೆ ಇನ್ನೂ ಒಳ್ಳೆಯದು. ಮುಂದಿನ ಚಕ್ರವಾದರೆ ಇದೇ ಕೆಲಸವನ್ನು ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಪೂರ್ತಿ ಬಲಕ್ಕೆ ತಿರುಗಿಸಿ ಒಮ್ಮೆ ಮಾಡಿ. ನೇರ ಇದ್ದಾಗ ಎರಡು ಬೆರಳು ದೂರ ಇದ್ದ ಬ್ರೇಕ್ ಹೋಸ್, ತಿರುವಿನಲ್ಲಿ ರಾಡಿಗೆ ಉಜ್ಜುವುದು ಆಗಲೇ ಕಾಣುವುದು. ಟೈರಿನ ಒಳಮೈ ಎಲ್ಲಿಗೆ ಬರುತ್ತದೆ ಅಂತಲೂ ಅಂದಾಜು ಮಾಡಿ.

ಸ್ಟೆಬಿಲೈಸರ್ ಬಾರ್ ವಿಷಯಕ್ಕೆ ಬರುತ್ತೇನೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ತಿರುಚುತ್ತದೆ, ಅದರ ನಡುಭಾಗ ತಿರುಗುವುದು ಹೆಚ್ಚುಕಡಿಮೆ ಅರ್ಧ. ಅಂದರೆ ಅದು ಹೇಳುವುದು ಎರಡೂ ಚಕ್ರಗಳ ಸರಾಸರಿ. 1955ರ ಸಿಟ್ರೊಯೆನ್ ಡಿಎಸ್‌ನಲ್ಲಿ ಎತ್ತರ ಸರಿಪಡಿಸುವ ವಾಲ್ವನ್ನು ಸ್ಟೆಬಿಲೈಸರ್ ಬಾರ್‌ಗೇ ಜೋಡಿಸಿದ್ದರು, ನಿಜ. ಆದರೆ ಅಲ್ಲಿ ಆಕ್ಸಲ್‌ಗೆ ಒಂದೇ ವಾಲ್ವ್, ಅವರಿಗೆ ಬೇಕಿದ್ದದ್ದೂ ಸರಾಸರಿಯೇ. ನಿಮಗೆ ಬೇಕಿರುವುದು ಒಂದೊಂದು ಮೂಲೆಯ ಎತ್ತರ. ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲೂ ಇದೇ ಎಡವಟ್ಟು. ಡಿಫರೆನ್ಷಿಯಲ್ ಪಕ್ಕ ಜಾಗ ಧಾರಾಳವಾಗಿದೆ ಅಂತ ಎರಡೂ ಸೆನ್ಸರ್ ಅಲ್ಲೇ ಹಾಕಿದರೆ ಗಾಡಿ ವಾಲಿದ್ದು ಅವಕ್ಕೆ ತಿಳಿಯುವುದೇ ಇಲ್ಲ. ಚಕ್ರಗಳ ಕಡೆಗೆ ಎಷ್ಟು ಸರಿಸಲು ಸಾಧ್ಯವೋ ಅಷ್ಟು ಸರಿಸಿ.

ಸೆನ್ಸರ್ ಬಾಡಿ ಚಾಸಿಗೆ, 3 ಮಿ.ಮೀ. ಉಕ್ಕಿನ ಬ್ರಾಕೆಟ್ ಮೇಲೆ. ತೆಳು ತಗಡು ಅದುರುತ್ತದೆ, ಆ ಅದುರಾಟವೂ ಸಿಗ್ನಲ್‌ಗೆ ಸೇರುತ್ತದೆ. ಕಂಟ್ರೋಲ್ ಆರ್ಮ್‌ಗೆ ತೂತು ಕೊರೆಯಬೇಡಿ, ವೆಲ್ಡಿಂಗಂತೂ ಬೇಡವೇ ಬೇಡ, ಕ್ಲ್ಯಾಂಪ್ ಹಾಕಿ. ಸೆಲ್ಫ್ ಲಾಕಿಂಗ್ ನಟ್ ಬಳಸಿ. ರಾಡ್ ಮುಂದಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಆದಷ್ಟು ನೆಟ್ಟಗಿರಲಿ, ವಾಲಿದ್ದರೆ ಅದರ ಪುಟ್ಟ ಬಾಲ್ ಜಾಯಿಂಟ್ ತುದಿಯಲ್ಲಿ ಸಿಕ್ಕಿಕೊಂಡು ಕಳಚುತ್ತದೆ. ಕನೆಕ್ಟರ್ ಬಾಯಿ ಆಕಾಶ ನೋಡಬಾರದು. ಸಿಗ್ನಲ್ ವೈರನ್ನು ಕಂಪ್ರೆಸರ್‌ನ ದಪ್ಪ ವೈರ್ ಜೊತೆ ಒಂದೇ ಕಟ್ಟಿನಲ್ಲಿ ಎಳೆಯಬೇಡಿ.

ಈಗ ಒಂದು ಮಾತು ಬರುತ್ತದೆ, ಪ್ರತಿ ಸಲವೂ ಬರುತ್ತದೆ: 'ಸೆನ್ಸರ್ ಕೆಸರಲ್ಲಿ ಹಾಳಾಗುತ್ತೆ, ಪ್ರೆಷರ್ ನೋಡಿಕೊಂಡು ಓಡಿಸಿದರೆ ಸಾಕು.' ಕೆಸರಿಗೆ ಜಾಯಿಂಟ್ ಸವೆಯುವುದು ನಿಜ. ಆದರೆ ಪ್ರೆಷರ್ ತೂಕ ಹೇಳುತ್ತದೆ, ಎತ್ತರ ಹೇಳುವುದಿಲ್ಲ! ಸ್ಲೀವ್ ಮಾದರಿಯ (ರಬ್ಬರ್ ತೋಳು ಪಿಸ್ಟನ್ ಮೇಲೆ ಮಡಚಿಕೊಂಡು ಉರುಳುವ) ಏರ್ ಸ್ಪ್ರಿಂಗ್‌ನಲ್ಲಿ ನಡುವಿನ ಎತ್ತರಗಳಲ್ಲಿ ಒತ್ತಡ ಬೀಳುವ ವಿಸ್ತೀರ್ಣ ಹೆಚ್ಚು ಬದಲಾಗುವುದಿಲ್ಲ. ತೂಕ ಅದೇ, ವಿಸ್ತೀರ್ಣ ಅದೇ ಅಂದಮೇಲೆ ಪ್ರೆಷರ್ ಕೂಡ ಅದೇ, ಕಾರು ಎರಡಿಂಚು ಮೇಲಿದ್ದರೂ ಕೆಳಗಿದ್ದರೂ. ಮಧ್ಯಾಹ್ನ 35 ಡಿಗ್ರಿ ಬಿಸಿಲಲ್ಲಿ ಹೊಂದಿಸಿಟ್ಟ ಕಾರು ಬೆಳಗಿನ 15 ಡಿಗ್ರಿ ಚಳಿಗೆ ಬಂದಾಗ ಒಳಗಿನ ಗಾಳಿ ಸುಮಾರು ಆರೂವರೆ ಶೇಕಡಾ ಕುಗ್ಗುತ್ತದೆ. ಗಾಳಿಯ ಕಂಬ 150 ಮಿ.ಮೀ. ಇದ್ದರೆ ಕಾರು ಹತ್ತು ಮಿ.ಮೀ. ಕೂರುತ್ತದೆ. ಗೇಜ್ ಮಾತ್ರ ಕದಲುವುದಿಲ್ಲ, ಯಾಕಂದರೆ ಕಾರಿನ ತೂಕ ಕದಲಿಲ್ಲ.

ಪ್ರೆಷರ್‌ಗೂ ಒಂದು ಕೆಲಸ ಇದೆ, ಅದನ್ನು ಒಪ್ಪುತ್ತೇನೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಕೂರುತ್ತದೆ, ನಾಲ್ಕು ಕಾಲಿನದು ಕುಂಟುತ್ತದೆ. ನಾಲ್ಕು ಮೂಲೆಯ ಎತ್ತರ ಸರಿಯಿದ್ದೂ ಮುಂದಿನ ಎಡ, ಹಿಂದಿನ ಬಲ ಸ್ಪ್ರಿಂಗ್‌ಗಳೇ ಭಾರ ಹೊತ್ತು ಉಳಿದೆರಡು ಹಗುರಾಗಿರಬಹುದು. ಅದನ್ನು ಪತ್ತೆ ಹಚ್ಚಲು ಪ್ರೆಷರ್ ಬೇಕು. ಎರಡನ್ನೂ ಓದುವ ಕಂಟ್ರೋಲರ್ ಇದ್ದರೆ ಒಳ್ಳೆಯದು ಅನ್ನುವುದು ಇದಕ್ಕೇ.

ಕ್ಯಾಲಿಬ್ರೇಷನ್‌ಗೆ ಮುನ್ನ ಸಮತಟ್ಟು ನೆಲ, ನಾಲ್ಕೂ ಟೈರಿನಲ್ಲಿ ಸರಿಯಾದ ಗಾಳಿ. ಆರ್ಮ್ ಬುಷ್‌ಗಳ ಬೋಲ್ಟನ್ನು ಓಡುವ ಎತ್ತರದಲ್ಲಿ ಬಿಗಿದಿರಬೇಕು, ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಆರ್ಮನ್ನು ಎಳೆಯುತ್ತಲೇ ಇರುತ್ತದೆ. ಇನ್ನೊಂದು, ನಿಂತ ಕಾರನ್ನು ಏರಿಸಿ ಇಳಿಸಿದಾಗ ಚಕ್ರಗಳು ಅಡ್ಡಡ್ಡ ಸರಿಯಲು ನೋಡುತ್ತವೆ, ಟೈರ್ ನೆಲ ಕಚ್ಚಿ ಬಿಡುವುದಿಲ್ಲ. ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಆಮೇಲೆ ಟೇಪ್ ಹಿಡಿಯಿರಿ. ಅಳತೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ಇರಲಿ, ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಕೊಳ್ಳುತ್ತದೆ. ಎತ್ತರ ನಿಂತ ಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್. ತಿರುಗುಮುರುಗು ಮಾಡಿದರೆ ಎರಡೂ ಇನ್ನೊಮ್ಮೆ ಮಾಡಬೇಕು.

ಫೋಟೊ ಹಾಕಿ 'ಸರಿ ಇದೆಯಾ' ಅಂತ ಕೇಳುವವರು ದಯವಿಟ್ಟು ಒಂದೇ ಫೋಟೊ ಹಾಕಬೇಡಿ. ಚಕ್ರ ಬಿಚ್ಚಿ ಮೂರು ಹಾಕಿ: ಆರ್ಮ್ ಪೂರ್ತಿ ಕೆಳಗೆ, ಓಡುವ ಎತ್ತರದಲ್ಲಿ, ಪೂರ್ತಿ ಮೇಲೆ. ಮೂರರಲ್ಲೂ ಲಿವರ್ ಮತ್ತು ರಾಡ್ ನಡುವಿನ ಕೋನ ಕಾಣಬೇಕು, ಪಕ್ಕದಲ್ಲಿ ಮಲ್ಟಿಮೀಟರ್‌ನ ವೋಲ್ಟ್ ಇದ್ದರೆ ತುಂಬ ಒಳ್ಳೆಯದು.