ನೆಗೆಟಿವ್ ಬಂದ್ರೆ ಜ್ವರ ಇಲ್ವಾ?

ಇವತ್ತು ಹಾಸನದ ಒಂದು ಲ್ಯಾಬಲ್ಲಿ ನಿಂತು ತಲೆ ಕೆಟ್ಟುಹೋಯ್ತು. ಬಿಪಿ ಮಾತ್ರೆ ನುಂಗಿ ಬರೀತಿದೀನಿ, ಅದಕ್ಕೇ ಭಾಷೆ ಇಷ್ಟು ಹದವಾಗಿದೆ.

ಎಪ್ಪತ್ತು ದಾಟಿದ ಅಜ್ಜಿ. ಮೈ ಕೆಂಡ, ಮಾತಾಡಿದ್ರೆ ಕೆಮ್ಮು. ಲ್ಯಾಬ್ ಹುಡುಗ ಸ್ವಾಬ್ ಕಡ್ಡಿಯನ್ನ ಮೂಗಿನ ಹೊಸ್ತಿಲಲ್ಲೇ ಒಂದು ಸುತ್ತು ತಿರುಗಿಸಿ ತೆಗೆದ. ಟ್ಯೂಬಲ್ಲಿ ಅದ್ದಿ, ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ಕಾರ್ಡಿಗೆ ಹನಿ ಬಿಟ್ಟ. ‘ಸಿ’ ಹತ್ರ ಒಂದೇ ಗೆರೆ; ಅದು ಕಾರ್ಡ್ ಕೆಲಸ ಮಾಡಿದೆ ಅನ್ನೋ ಗುರುತು, ವೈರಸ್ ಗೆರೆ ಮೂಡಲೇ ಇಲ್ಲ. “ಫ್ಲೂ ಇಲ್ಲ ಬಿಡಿ ಅಣ್ಣ, ನೆಗೆಟಿವ್.” ಮಗನಿಗೆ ಖುಷಿಯೋ ಖುಷಿ: “ಹಂಗಾದ್ರೆ ನಾಳೆ ಬೀಗರೂಟಕ್ಕೆ ಹೋಗ್ಬೋದು ಕಣವ್ವ!”

ಲ್ಯಾಬಲ್ಲೇ ಕೂದಲು ಬೆಳ್ಳಗಾದೋನು ನಾನು, ಬಾಯಿ ಮುಚ್ಕೊಂಡಿರೋಕಾಗುತ್ತಾ? “ಡಾಕ್ಟ್ರಿಗೆ ತೋರ್ಸಪ್ಪ ಮೊದ್ಲು” ಅಂದೆ. “ರಿಪೋರ್ಟೇ ನೆಗೆಟಿವ್ ಅಲ್ವಾ ಸಾರ್?” ಅಂದ.

ಅಲ್ಲಪ್ಪಾ, ಆ ಕಡ್ಡಿಗೆ ಅಂಟಿದ ಸಿಂಬಳದಲ್ಲಿ ಕಾರ್ಡಿಗೆ ಕಾಣೋವಷ್ಟು ವೈರಸ್ ಪ್ರೋಟೀನ್ ಇರಲಿಲ್ಲ, ಅಷ್ಟೇ. ಆರ್‌ಟಿ-ಪಿಸಿಆರ್ ಟೆಸ್ಟ್ ಆದ್ರೆ ವೈರಸ್ಸಿನ ವಂಶವಾಹಿ ವಸ್ತು ಆರ್‌ಎನ್‌ಎಯನ್ನ ಡಿಎನ್‌ಎ ಮಾಡಿ ಲಕ್ಷಗಟ್ಟಲೆ ಪ್ರತಿ ತೆಗೆದು ಹುಡುಕುತ್ತೆ. ಕಾರ್ಡ್ ಸಿಕ್ಕಿದ್ದನ್ನಷ್ಟೇ ನೋಡುತ್ತೆ. ಫ್ಲೂ ಇರೋರಲ್ಲಿ ಈ ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ಹಿಡಿಯೋದು ಸುಮಾರು ಶೇ. 50ರಿಂದ 70 ಮಂದಿಯನ್ನ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತೆ. ಅಂದ್ರೆ ಹತ್ತು ರೋಗಿಗಳಲ್ಲಿ ಮೂವರಿಂದ ಐವರು ನೆಗೆಟಿವ್ ಚೀಟಿ ಜೇಬಲ್ಲಿಟ್ಕೊಂಡು ಬೀಗರೂಟದ ಪಂಕ್ತೀಲಿ! ಜ್ವರ ಬಂದು ನಾಲ್ಕು ದಿನ ಕಳೆದಿದ್ರೆ, ಕಡ್ಡಿ ಒಳಗೆ ಹೋಗದಿದ್ರೆ, ಇನ್ನೂ ಕಷ್ಟ. ಪಾಸಿಟಿವ್ ಬಂದ್ರೆ, ಅದೂ ಫ್ಲೂ ಸೀಸನ್‌ನಲ್ಲಿ, ಬಹುತೇಕ ನಂಬಬಹುದು.

ಕೊರೊನಾ ಕಾಲದಲ್ಲಿ ಇದೆಲ್ಲ ಬಾಯಿಪಾಠ ಆಗಿತ್ತಲ್ರೀ! 2020ರ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ಆಂಟಿಜೆನ್ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ, ಪರೀಕ್ಷೆಗಳಲ್ಲಿ ಅದು ಹಿಡಿದದ್ದು ಸೋಂಕು ಇದ್ದೋರಲ್ಲಿ ಶೇ. 50.6ರಿಂದ 84 ಮಂದಿಯನ್ನ. ಅದಕ್ಕೇ ಲಕ್ಷಣ ಇದ್ದು ನೆಗೆಟಿವ್ ಬಂದೋರಿಗೆ ಆರ್‌ಟಿ-ಪಿಸಿಆರ್ ಮಾಡ್ಲೇಬೇಕು ಅಂತ ಬರೆದಿದ್ರು. ಮಾಸ್ಕ್ ಜೊತೆ ಅದನ್ನೂ ಬಿಸಾಕಿದ್ವಿ.

“ಆರ್‌ಟಿ-ಪಿಸಿಆರ್‌ಗೆ ದುಡ್ಡೂ ಬೇಕು, ದಿನಾನೂ ಬೇಕು, ಆಲೂರಿನ ಹಳ್ಳಿಯೋರು ಎಲ್ಲಿಗೆ ಹೋಗ್ಬೇಕು?” ಅಂತ ಒಬ್ಬರಾದ್ರೂ ಕೇಳ್ತೀರಿ. ನಿಜ. ಕಾರ್ಡ್ ಬೇಡ ಅಂದೋರ್ಯಾರು? ಕಾಲು ಗಂಟೇಲಿ ಪಾಸಿಟಿವ್ ಗೊತ್ತಾದ್ರೆ ಒಳ್ಳೇದೇ. ನಾನು ಬೈತಿರೋದು “ಇಲ್ಲ ಬಿಡಿ ಅಣ್ಣ” ಅನ್ನೋ ಧೈರ್ಯಕ್ಕೆ. ಆ “ಬಿಡಿ” ಯಾವ ಕಿಟ್ಟಿನ ಡಬ್ಬಿ ಮೇಲೂ ಅಚ್ಚಾಗಿಲ್ಲ.

ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಔಷಧಿ ಚೆನ್ನಾಗಿ ಕೆಲಸ ಮಾಡೋದು ಲಕ್ಷಣ ಶುರುವಾದ ಮೊದಲ 48 ಗಂಟೇಲಿ. ಫ್ಲೂ ಅನುಮಾನ ಇರೋ ವಯಸ್ಸಾದೋರಿಗೆ ಟೆಸ್ಟಿಗೂ ಕಾಯದೆ ಡಾಕ್ಟ್ರು ಶುರು ಮಾಡಬಹುದು. ಆ ಅಜ್ಜಿಯ ಮಗ ಡಾಕ್ಟ್ರ ಬಾಗಿಲಿಗೂ ಹೋಗಲಿಲ್ಲ, ಆಟೋ ಹತ್ತಿಸ್ಕೊಂಡು ಹೊರಟೇಬಿಟ್ಟ.