ಕಾಂಪೋಸಿಟ್ ವಿಮಾನ: ಈಗಿನ ತಪಾಸಣೆ ಸಾಕೇ?

ಪರ: ಸಾಕು, ಲೋಹಕ್ಕೆ ಇದಕ್ಕಿಂತ ಹೆಚ್ಚೇನು ಕೇಳಿದ್ದೆವು?

ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ಅಂದರೆ ಇಂಗಾಲದ ಎಳೆಗಳನ್ನು ರಾಳದಲ್ಲಿ ಪದರಪದರವಾಗಿ ಕೂರಿಸಿ ಬೇಯಿಸಿದ್ದು. ಇದನ್ನು ಪ್ಲಾಸ್ಟಿಕ್ ವಿಮಾನವೆಂದು ಹೀಗಳೆಯುವವರು ಅಲ್ಯೂಮಿನಿಯಂನ ಚರಿತ್ರೆಯನ್ನೂ ನೋಡಲಿ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್‌ನ 737ರ ಚಾವಣಿ ಹಾರಾಟದಲ್ಲೇ ಕಿತ್ತುಹೋಯಿತು. ತುಕ್ಕು ಹಿಡಿದು ದಣಿದಿದ್ದ ಲೋಹ ಅದು. ಕಾಂಪೋಸಿಟ್‌ಗೆ ತುಕ್ಕು ಹಿಡಿಯದು.

ಪರೀಕ್ಷೆಯೂ ಕಾಟಾಚಾರದ್ದಲ್ಲ. ಸುಲಭವಾಗಿ ಕಣ್ಣಿಗೆ ಬೀಳದ ಪೆಟ್ಟೊಂದು ಬಿದ್ದಿದೆಯೆಂದೇ ಇಟ್ಟುಕೊಂಡು, ಹಾರಾಟದಲ್ಲಿ ಬರಬಹುದಾದ ಗರಿಷ್ಠ ಹೊರೆಯ ಒಂದೂವರೆ ಪಟ್ಟನ್ನು ರಚನೆ ತಾಳುತ್ತದೆಂದು ತಯಾರಕರು ತೋರಿಸಬೇಕು. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 587ನೇ ಸಂಖ್ಯೆಯ ಹಾರಾಟದಲ್ಲಿ ವಿಮಾನದ ಕಾಂಪೋಸಿಟ್ ಬಾಲ ಮುರಿದು 265 ಜನ ಸತ್ತರು, ನಿಜ. ಸಹಪೈಲಟ್ ರಡ್ಡರಿನ (ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಪೆಡಲನ್ನು ಮಿತಿಮೀರಿ ಅತ್ತಿತ್ತ ತುಳಿದದ್ದೇ ಕಾರಣವೆಂದು ತನಿಖೆ ಹೇಳಿತು. ಬಾಲ ಮುರಿದದ್ದು ಆ ಒಂದೂವರೆ ಪಟ್ಟನ್ನೂ ದಾಟಿದ ಹೊರೆಗೆ.

2024ರ ಜನವರಿ 2ರಂದು ಟೋಕಿಯೊದ ಹಾನೆಡಾ ನಿಲ್ದಾಣದಲ್ಲಿ ಕಾಂಪೋಸಿಟ್ ಒಡಲಿನ ಏರ್‌ಬಸ್ ಎ350 ಹೊತ್ತಿ ಉರಿದಾಗಲೂ ಒಳಗಿದ್ದ 379 ಜನ ಬದುಕಿ ಹೊರಬಂದರು.

ವಿರೋಧ: ಒಳಗಿನ ಗಾಯ ಹೊರಗೆ ಕಾಣದು

587ರ ತನಿಖೆಯನ್ನು ನಾನೂ ಒಪ್ಪುತ್ತೇನೆ. ಆದರೆ 2005ರ ಮಾರ್ಚ್‌ನಲ್ಲಿ ಕ್ಯೂಬಾದ ವರಡೆರೊದಿಂದ ಹೊರಟ ಕೆನಡಾದ ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ310ರ ಕಾಂಪೋಸಿಟ್ ರಡ್ಡರ್ ಆಕಾಶದಲ್ಲೇ ಕಳಚಿತಲ್ಲ? ಅದೃಷ್ಟಕ್ಕೆ ವಿಮಾನ ಹಿಂದಿರುಗಿ ಇಳಿಯಿತು. ರಡ್ಡರಿನ ಒಳಗೆ ಹಾನಿ ಮೊದಲೇ ಇತ್ತು, ಆಗ ಜಾರಿಯಲ್ಲಿದ್ದ ತಪಾಸಣೆ ಅದನ್ನು ಹೊತ್ತಿಗೆ ಸರಿಯಾಗಿ ಹಿಡಿಯುವಂಥದ್ದಾಗಿರಲಿಲ್ಲ ಎಂದಿತು ಕೆನಡಾದ ತನಿಖಾ ಮಂಡಳಿ. ತಪಾಸಣೆಯೆಂದರೆ ಕಣ್ಣಿನಿಂದ ನೋಡುವುದು, ಹಲಸಿನಹಣ್ಣು ತಟ್ಟಿದ ಹಾಗೆ ತಟ್ಟಿ ಸದ್ದು ಕೇಳುವುದು. (ತಟ್ಟುವುದನ್ನು ಗೇಲಿ ಮಾಡುತ್ತಿಲ್ಲ, ಪಳಗಿದ ಕಿವಿಗೆ ಅದೂ ಬಹಳ ಹೇಳುತ್ತದೆ.) ಅಲ್ಟ್ರಾಸೌಂಡ್ ಇದೆ, ಸರಿ, ಎಲ್ಲಿ ಇಟ್ಟು ನೋಡಬೇಕೆಂದು ಮೊದಲು ಗೊತ್ತಾಗಬೇಕಲ್ಲ?

ಕಷ್ಟ ಇರುವುದೇ ಅಲ್ಲಿ. ಪೆಟ್ಟು ಬಿದ್ದ ಅಲ್ಯೂಮಿನಿಯಂ ನೆಗ್ಗಿ ತಾನೇ ತೋರಿಸಿಕೊಡುತ್ತದೆ. ಕಾಂಪೋಸಿಟ್ ಒಳಗೆ ಪದರ ಬಿಟ್ಟಿದ್ದರೂ ಮೇಲೆ ಮೊದಲಿನ ಆಕಾರಕ್ಕೆ ಮರಳಬಲ್ಲದು. ನಿಲ್ದಾಣದಲ್ಲಿ ಸಾಮಾನು ಏರಿಸುವ ಗಾಡಿ ಒಡಲಿಗೆ ಗುದ್ದಿದರೆ, ಓಡಿಸಿದವನು ಬಾಯಿಬಿಡುವ ತನಕ ಯಾರಿಗೂ ತಿಳಿಯದೆ ಹೋಗಬಹುದು. ಗುತ್ತಿಗೆ ಕೆಲಸದವನು, ನಾಳೆ ಕೆಲಸ ಹೋಗುವ ಭಯವಿರುವವನು, ಬಾಯಿಬಿಡುತ್ತಾನೆಯೇ? ಲ್ಯಾಬಿನ ಹೊರೆ ಪರೀಕ್ಷೆ ಈ ಪ್ರಶ್ನೆಗೆ ಉತ್ತರಿಸದು.

ಕಾರ್ಖಾನೆಯಲ್ಲೂ ಎಲ್ಲ ಸರಿಯಿರಲಿಲ್ಲ. 787ರ ಒಡಲಿನ ಭಾಗಗಳು ಕೂಡುವಲ್ಲಿ ಅಂತರದ ದೋಷ ಕಂಡು, 2020ರಲ್ಲಿ ಎಂಟು ವಿಮಾನಗಳನ್ನು ಹಾರಾಟದಿಂದ ತೆಗೆಯಬೇಕಾಯಿತು.

ಹಾನೆಡಾದಲ್ಲಿ ಜನರನ್ನು ಉಳಿಸಿದ್ದು ಮುಖ್ಯವಾಗಿ ಸಿಬ್ಬಂದಿಯ ಶಿಸ್ತು. ಆಮೇಲೆ ಆ ಒಡಲು ಗಂಟೆಗಟ್ಟಲೆ ಉರಿಯಿತು. ಉರಿದ ಇಂಗಾಲದ ಎಳೆಯ ಧೂಳು ಅಗ್ನಿಶಾಮಕರ ಶ್ವಾಸಕ್ಕೆ ಹೋಗುವುದನ್ನೂ ಅಪಾಯದ ಲೆಕ್ಕಕ್ಕೆ ಸೇರಿಸಬೇಕು. ಅದಕ್ಕಿಂತ ಮೊದಲು ಆಗಬೇಕಾದದ್ದು, ಗುದ್ದಿದ್ದನ್ನು ಹೇಳಿದವನ ಕೆಲಸ ಹೋಗದಂಥ ನಿಯಮ, ಪ್ರತಿ ನಿಲ್ದಾಣದಲ್ಲೂ.